ಮೊದಲು ಓಗೊಟ್ಟವರು

...ಅಯ್ಯೋ, ಅಷ್ಟಕ್ಕೇ ಎದ್ದುಬಿಟ್ರಾ? ಕೂತ್ಕೊಳ್ಳಿ ಅಳಿಯಂದಿರೇ, ಟೀ ಕುಡಿದು ಆಮೇಲೆ ನೋಡಿದ್ರಾಯ್ತು. ಲೈಬ್ರರಿಗೆ ಇವತ್ತು ಹೇಗೂ ರಜೆ. ಓದೋರೂ ಇಲ್ಲ, ಬರೆಯೋರೂ ಇಲ್ಲ, ನೀವೂ ನಾನೂ ಇಬ್ರೇ... ಹೂಂ, ಇಬ್ರೇ. ಯಾಕೆ ಹಾಗೆ ನೋಡ್ತೀರಿ? ಕಾವಲಿನವನೂ ಬಂದಿಲ್ಲ, ಅದಕ್ಕೆ ಹಾಗಂದೆ.

ಟೀ ಬೇಡ್ವಾ. ಸರಿ, ಬಿಡಿ.

ರಿಪೇರಿಗೆ ಕಂಪನಿಯಿಂದ ನಿಮ್ಮನ್ನೇ ಕಳಿಸ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಸಾಹೇಬ್ರು ನನ್ನ ಒಂದು ಮಾತು ಕೇಳದೆ ಫೋನ್ ಮಾಡಿಬಿಟ್ಟಿದ್ದಾರೆ. ಗೊತ್ತಿದ್ದಿದ್ರೆ... ಗೊತ್ತಿದ್ದಿದ್ರೆ ಏನು, ಸಂತೋಷವೇ! ಈ ಕಂಪ್ಯೂಟರುಗಳನ್ನ ಇಲ್ಲಿ ಕೂರಿಸಿದ್ದೂ ನೀವೇ ಅಲ್ವಾ, ಮದುವೆಗೆ ಮುಂಚೆ. ಎಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದ್ರಿ ಆಗ. ಇವಕ್ಕೆ ಸ್ವಂತ ಡಿಸ್ಕೇ ಇಲ್ಲ, ತಲೆ ಖಾಲಿ, ಎಚ್ಚರ ಆದ ತಕ್ಷಣ ತಂತಿ ಮೇಲೆ ಕೂಗಿ ಕೇಳ್ತವೆ, ನಾನ್ಯಾರು, ನನಗೆ ಬೇಕಾದ್ದು ಎಲ್ಲಿ ಸಿಗುತ್ತೆ ಅಂತ. ಮೂಲೇಲಿ ಕೂತಿರೋ ಸರ್ವರ್ ಓಗೊಡುತ್ತೆ, ಬೇಕಾದ್ದೆಲ್ಲ ಕೊಡುತ್ತೆ. ಅವತ್ತು ಮನೆಗೆ ಹೋದವಳೇ ಮಗಳಿಗೆ ಹೇಳಿದೆ, ಹುಡುಗ ಬಂಗಾರ ಕಣೇ, ದನಿ ಎತ್ತೋದೇ ಇಲ್ಲ ಅಂತ. ನಾನೇ ಹೇಳಿದ್ದು. ಈ ಬಾಯಿಂದಲೇ.

ಹಾಂ, ತೊಂದರೆ ಅದೇ. ಒಂದು ಏಳುತ್ತೆ, ಪಕ್ಕದ್ದು ಏಳಲ್ಲ. ನಿನ್ನೆ ಎದ್ದಿದ್ದು ಇವತ್ತು ಮೊಂಡು ಹಿಡಿಯುತ್ತೆ. ಕಪ್ಪು ಪರದೆ ಮೇಲೆ ಫೈಲ್ ಸಿಗಲಿಲ್ಲ ಅಂತ ಒಂದು ಸಾಲು ಬರೆದು ನಿಂತುಬಿಡುತ್ತೆ. ನಾನಂತೂ ಏನೂ ಮುಟ್ಟಿಲ್ಲಪ್ಪ... ಯಾಕೆ ನಗ್ತಿದ್ದೀರಿ? ನಿಜ, ನೀವು ಕೇಳಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನನ್ನ ಕತೆ.

ಮಗಳ ವಿಷಯಾನಾ? ನೀವು ಬಾಯಿ ಬಿಡ್ತಿಲ್ಲ, ಆದ್ರೆ ಕಣ್ಣು ಅದನ್ನೇ ಕೇಳ್ತಿದೆ. ನನಗೂ ಗೊತ್ತಿಲ್ಲ. ನಿಮ್ಮ ಮನೆ ಬಿಟ್ಟು ಹೋದಾಗಿಂದ ಒಂದು ಫೋನೂ ಇಲ್ಲ, ಹೆತ್ತವಳಿಗೇ ಹೀಗೆ ಮಾಡಿದ್ಲು ನೋಡಿ. ಅವಳ ಕೈ ಮುರಿದಾಗ ಬಚ್ಚಲಲ್ಲಿ ಜಾರಿದ್ಲು ಅಂದ್ರಿ, ನಂಬಿದೆ. ಎರಡನೇ ಸಲ ಮುರಿದಾಗಲೂ ಅದೇ ಬಚ್ಚಲು ಅಂದ್ರಿ. ಆಗಲೂ... ಅಲ್ಲ, ನಂಬಿದೆ ಅಂತಲೇ ಹೇಳ್ತಿದ್ದೀನಿ. ನಿಮ್ಮ ಮೇಲೆ ನನಗೇನು ಅನುಮಾನ?

ಜೋರಾಗಿ ಮಾತಾಡ್ತಿದ್ದೀನಾ? ವರ್ಷವಿಡೀ ಇಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಸಾಕಾಗಿದೆ, ರಜೆ ದಿನವಾದ್ರೂ ಗಂಟಲು ಬಿಡ್ಲಿ ಬಿಡಿ.

ಎರಡು ಬೆರಳು ತೋರಿಸ್ತೀರಿ, ಏನು ಎರಡು? ಸರ್ವರ್ ಒಂದೇ ಅಲ್ವಾ ಇರೋದು... ಓ. ಓಗೊಡೋರು ಇಬ್ರಾ? ಅಂದ್ರೆ, ಇವು ಕೂಗಿದಾಗ ನಮ್ಮ ಸರ್ವರಿಗಿಂತ ಮುಂಚೆ ಇನ್ಯಾರೋ ಓ ಅಂದುಬಿಡ್ತಾರೆ. ಮೊದಲು ಓಗೊಟ್ಟವರನ್ನ ನಂಬಿಕೊಂಡು ಹೋಗಿ ಇವು ದಾರಿ ತಪ್ತವೆ. ಪಾಪ, ಇವಕ್ಕೇನು ಗೊತ್ತಾಗುತ್ತೆ.

ತಂತಿಗಳೆಲ್ಲ ಬಂದು ಸೇರೋ ಆ ಪೆಟ್ಟಿಗೇಲಿ ಏನು ಮಾಡ್ತಿದ್ದೀರಿ? ತಂತಿ ಒಂದೊಂದೇ ಕೀಳ್ತೀರಾ? ಬೇಡ, ನಾಳೆ ಸಾಹೇಬ್ರು ಬರ್ಲಿ... ಅವ್ರು ಬೈತಾರೆ... ನಿಲ್ಲಿ, ಅದೊಂದು... ಏನಿಲ್ಲ. ಏನಿಲ್ಲ ಅಂದೆ.

ಆಹಾ, ಎದ್ವು! ನೋಡಿ, ಸಾಲಾಗಿ ಅಷ್ಟೂ ಎದ್ವು! ಎಷ್ಟಾದ್ರೂ ಪಳಗಿದ ಕೈ. ಸರಿ ಮತ್ತೆ, ಕೆಲಸ ಮುಗೀತಲ್ಲ, ಹೊರಡಿ. ಬಾಗಿಲವರೆಗೂ ಬರ್ತೀನಿ.

ಕಿತ್ತ ಆ ತಂತೀನ ಯಾಕೆ ಮತ್ತೆ ಸಿಕ್ಕಿಸಿದ್ರಿ?

ಆ ತಂತಿ ಮೇಲಕ್ಕೆ ಹೋಗುತ್ತೆ, ಬೈಂಡಿಂಗ್ ಕೋಣೆಗೆ. ಅಲ್ಲೇನಿದೆ ಮಣ್ಣು, ಹರಿದ ಪುಸ್ತಕ, ದಾರ, ಅಂಟಿನ ಡಬ್ಬ. ಯಾರೂ ಹೋಗಲ್ಲ. ಬೀಗ ಹಾಕಿದೆ, ಕೀಲಿ ಸಾಹೇಬ್ರ ಹತ್ರ. ಇಲಿ ಇವೆ, ಅದಕ್ಕೇ ಸದ್ದು... ಸದ್ದೇನೂ ಬರಲಿಲ್ವಲ್ಲ ಈಗ? ಬಂತಾ?

ಫೋನ್ ಯಾಕೆ ನನ್ನ ಮುಖಕ್ಕೆ ಹಿಡೀತೀರಿ? ತಾಳಿ, ಕನ್ನಡಕ ಹಾಕ್ಕೊಳ್ತೀನಿ. ವೈಫೈ... ಯಾವುದೋ ಹೆಸರು ಇದೆ... ಇದು ನಿಮ್ಮನೆ ವೈಫೈ ಅಲ್ವಾ? ನಿಮ್ಮನೇಲಿ ಕೂತಾಗ ನನ್ನ ಫೋನಲ್ಲೂ ಇದೇ ಹೆಸರು ಬರ್ತಿತ್ತು. ಇಲ್ಲಿ ಹೇಗೆ...

ತಾನಾಗೇ ಬಂತಾ?

ಒಳಗೆ ಕಾಲಿಟ್ಟಾಗಲೇ ಬಂದಿತ್ತು, ಅಲ್ವಾ? ಮಾತಾಡಿ. ಟೀ ಬೇಡ ಅಂತ ತಲೆ ಆಡಿಸುವಾಗಲೇ ಗೊತ್ತಿತ್ತು ನಿಮಗೆ. ಗೊತ್ತಿದ್ದೂ ಇಷ್ಟು ಹೊತ್ತು ಒಂದು ಮಾತೂ ಆಡದೆ, ನನ್ನ ಬಾಯಿಂದ ಸುಳ್ಳಿನ ಮೇಲೆ ಸುಳ್ಳು ಹೇಳಿಸ್ತಾ ನಿಂತಿದ್ರಿ. ದೇವರೇ.

ನಾನೇ ಸಿಕ್ಕಿಸಿದ್ದು ಅದನ್ನ, ಅವಳಲ್ಲ. ನಿಮ್ಮನೆಯಿಂದ ಅವಳು ತಂದಿದ್ದು ಒಂದು ಚೀಲ ಬಟ್ಟೆ, ಲ್ಯಾಪ್‌ಟಾಪು, ಆ ವೈಫೈ ಡಬ್ಬಿ, ಅಷ್ಟೇ. ಎಲ್ಲಾದ್ರೂ ದೂರದಲ್ಲಿ ಕೆಲಸ ಹುಡುಕ್ಕೊಳ್ತೀನಮ್ಮ ಅಂದ್ಲು. ಅದಕ್ಕೆ ಇಂಟರ್ನೆಟ್ ಬೇಕಲ್ಲ ಅಂತ ಗೋಡೆ ತಂತಿ ಎಳೆದು ಡಬ್ಬೀಲಿ ಕೈಗೆ ಸಿಕ್ಕಿದ ತೂತಿಗೆ ತುರುಕಿದೆ. ಅದು ಸರ್ವರ್ ಹಾಗೇ ಓಗೊಡುತ್ತೆ, ಅದರಿಂದ ಇವೆಲ್ಲ ಕೆಡ್ತವೆ, ಕೆಟ್ರೆ ನೀವು ಬರ್ತೀರಿ ಅಂತ ನನಗೇನು ಗೊತ್ತಿತ್ತು? ನಾನೇ ಕರೆಸಿದ ಹಾಗಾಯ್ತಲ್ಲ ನಿಮ್ಮನ್ನ.

ಬೇಡ. ಮೆಟ್ಟಿಲ ಹತ್ರ ಬರ್ಬೇಡಿ. ಕೈ ಮುಗೀತೀನಿ... ಹೌದು, ಮೇಲಿದ್ದಾಳೆ. ಅವಳನ್ನ ಹೆರುವಾಗಲೂ ಇಷ್ಟು ಹೆದರಿರಲಿಲ್ಲ ನಾನು. ಆದ್ರೂ ದಾರಿ ಬಿಡಲ್ಲ. ಅಲ್ಲೇ ನಿಲ್ಲಿ. ಅಲ್ಲೇ... ನಿಲ್ಲೋ!

ಮಗಳೇ! ಇವನು ಬಂದಿದ್ದಾನೆ! ಒಳಗಿಂದ ಚಿಲಕ ಹಾಕ್ಕೋ, ಪೊಲೀಸರಿಗೆ ಫೋನ್ ಮಾಡು! ಯಾರು ಕೂಗಿದ್ರೂ ಬಾಗಿಲು ತೆಗೀಬೇಡ. ನನ್ನ ದನಿ ಕೇಳಿಸಿದ್ರೂ ತೆಗೀಬೇಡ...