ಮೂರನೇ ಹೊಲದ ಉತ್ತರ

ಸಂಜೆ ನಾಲ್ಕಕ್ಕೆ ಹಿಡಿದ ಮಳೆ ಕೆರೆ ಏರಿಯ ಮೇಲಿನ ಸಲಕರಣೆ ಕೊಠಡಿಯ ತಗಡನ್ನು ಬಡಿಯುತ್ತಲೇ ಇತ್ತು. ಟ್ರ್ಯಾಕ್ಟರ್ ಕೆಸರಲ್ಲಿ ಹೂತದ್ದರಿಂದ ಡ್ರೈವರೂ ಅವನ ಹೆಂಡತಿಯೂ ಒಳಗೆ ಬಂದು ಗೋಣಿಚೀಲದ ಮೇಲೆ ಕೂತಿದ್ದರು. ಮೂಲೆಯಲ್ಲಿ ಮುದುಕ. ಬಾಗಿಲಲ್ಲಿ ಅವನ ಅಣ್ಣನ ಮಗಳು, ಮಳೆ ನೋಡುತ್ತ.

ನಾಳೆಯಿಂದ ನೀರುಗಂಟಿ ಕೆಲಸ ಅವಳದು: ಕೆರೆಯ ತೂಬು ತೆರೆದು ಕೆಳಗಿನ ಐದು ಹೊಲಕ್ಕೂ ನೀರು ಹಾಯಿಸುವುದು. ನಲವತ್ತು ವರ್ಷ ಅದನ್ನು ಮಾಡಿದ ಚಿಕ್ಕಪ್ಪನಿಗೆ ಈಗ ಮಂಡಿ ಕೈಕೊಟ್ಟಿತ್ತು. ತೂಬು ತೆರೆಯುವ ಮುಂಚೆ ಅವನು ಐದೂ ಹೊಲ ಇಳಿದು ನೋಡಿ ಮತ್ತೆ ಹತ್ತಿ ಬರುತ್ತಿದ್ದ. ಊರು ಅವನಿಗೆ ಆಮೆ ಎಂದು ಹೆಸರಿಟ್ಟಿತ್ತು.

"ನಾನಂತೂ ನಡೆಯಲ್ಲ ಚಿಕ್ಕಪ್ಪ," ಅಂದಳು. "ಏರಿ ಮೇಲೆ ನಿಂತು ಒಂದು ಕೂಗು ಹಾಕ್ತೀನಿ. ಹಿಂದೆ ಹಾಗೇ ತಾನೆ ಮಾಡ್ತಿದ್ದಿದ್ದು?"

"ಮತ್ತೆ! ಇವರು ಹೋಗಿ ಬರೋದ್ರೊಳಗೆ ಪೈರಿಗೆ ಗಡ್ಡ ಬಂದಿರ್ತಿತ್ತು," ಎಂದ ಡ್ರೈವರ್. ಹೆಂಡತಿ ಮೊಣಕೈಯಿಂದ ತಿವಿದಳು.

ಮುದುಕ ನಗಲಿಲ್ಲ. "ಕೂತ್ಕೋ ಮಗಳೇ. ಇದನ್ನ ಹೇಳದೆ ನಿನ್ನ ಕೈಗೆ ತೂಬು ಕೊಡೋ ಹಾಗಿಲ್ಲ. ನೀವೂ ಕೇಳಿ, ಮಳೆಯಂತೂ ನಿಲ್ಲೋದಿಲ್ಲ...

"ಈ ಐದು ಹೊಲ ಮೊದಲು ಹೊಲವೇ ಅಲ್ಲ, ಜೌಗು. ಆಳೆತ್ತರದ ಜೊಂಡು, ಕಾಲಿಟ್ಟರೆ ತೊಡೆಮಟ್ಟ ಕೆಸರು, ಕೊಕ್ಕರೆ, ಬಾತು... ಅದರ ನಡುವೆ ತೊರೆ ತುಂಬು ಬಸುರಿ ಹಾಗೆ ಮೆಲ್ಲಗೆ, ಸುತ್ತಿ ಬಳಸಿ ಹೋಗ್ತಿತ್ತಂತೆ. ನಮ್ಮಜ್ಜಂದಿರು ಏನು ಮಾಡಿದ್ರು? ಆ ಡೊಂಕನ್ನೆಲ್ಲ ಕಡಿದು ನೆಟ್ಟಗೆ ಕಾಲುವೆ ತೋಡಿದ್ರು. ನೆಲವೇನೋ ಸಿಕ್ತು, ಆದ್ರೆ ನಡೀತಿದ್ದ ನೀರು ಓಡೋದು ಕಲೀತು. ತೂಬು ತೆಗೆದ್ರೆ ಬೆವರು ಒರೆಸ್ಕೊಳ್ಳೋಷ್ಟರಲ್ಲಿ ಕೊನೇ ಹೊಲಕ್ಕೆ ಬಂದು ಬೀಳ್ತಿತ್ತು. ಅದಕ್ಕೇ ಆ ಕೂಗು. ನೀರುಗಂಟಿ ಇಲ್ಲಿಂದ 'ಬಿಡ್ಲಾ?' ಅನ್ನೋನು, ಒಂದನೇ ಹೊಲದವನು ಎರಡನೆಯವನಿಗೆ ದಾಟಿಸೋನು, ಅವನು ಮೂರಕ್ಕೆ, ಹಾಗೇ ಕೆಳಕ್ಕೆ... ಕೊನೆಯವನು ಕಾಲುವೆ ಮೋರಿಯ ಕಸ ತೆಗೆದು ಮೇಲೆದ್ದು 'ಬಿಡು' ಅಂದ್ರೆ ಆ ಮಾತು ಅದೇ ದಾರೀಲಿ ವಾಪಸ್ಸು. ಮೂರನೇ ಹೊಲ ನಂದು. ಕೊನೇದು ನಿಮ್ಮಪ್ಪಂದು."

ಅವಳು ಬಾಗಿಲು ಬಿಟ್ಟು ಬಂದು ಕೂತಳು.

"ನಲವತ್ತು ವರ್ಷದ ಹಿಂದಿನ ಮಾತು. ನಾಟಿಗೆ ಅಂತ ಸಸಿ ಕಿತ್ತು ಎರಡು ದಿನ ಆಗಿತ್ತು, ಬೇರು ಒಣಗ್ತಿತ್ತು. ಬೆಳಿಗ್ಗೆಯಿಂದ ಎರಡು ಸಲ ಕೂಗು ದಾಟಿಸಿದೆ, ಎರಡು ಸಲವೂ ನಿಮ್ಮಪ್ಪ 'ತಡಿ' ಅಂದ. ಮೋರಿಯೊಳಗೆ ಅರ್ಧ ಮೈ ತೂರಿಸಿ ಜೊಂಡಿನ ಬೇರು ಕೀಳ್ತಿದ್ದ. ನಾಲ್ಕನೇ ಹೊಲದವನು ಜ್ವರ ಅಂತ ಮಲಗಿದ್ದ, ನನಗೂ ಅಣ್ಣನಿಗೂ ನಡುವೆ ಇನ್ನೊಂದು ಕಿವಿ ಇರಲಿಲ್ಲ. ಮೂರನೇ ಕೂಗು ಬಂತು... ನಾನು ಕೆಳಕ್ಕೆ ದಾಟಿಸಲೇ ಇಲ್ಲ. ಇಷ್ಟು ಹೊತ್ತಿಗೆ ಎದ್ದಿರ್ತಾನೆ ಅಂದ್ಕೊಂಡೆ. ಏರಿ ಕಡೆ ತಿರುಗಿ ನಾನೇ ಅಂದೆ... 'ಬಿಡು'."

"ಅಪ್ಪ ಕಾಲುವೆಗೆ ಜಾರಿ ಬಿದ್ದು ಸತ್ತ ಅಂದಿದ್ರಿ," ಎಂದಳು ಅವಳು.

"ಅಂದೆ. ಆಮೇಲೆ ಊರೆಲ್ಲ ಅದನ್ನೇ ಅಂತು."

"ಅಮ್ಮನಿಗೆ?"

"ನಾಳೆ ಹೇಳೋಣ, ಅವಳು ಸ್ವಲ್ಪ ಸುಧಾರಿಸ್ಕೊಳ್ಳಲಿ, ಕೈಗೂಸು ನೀನು, ನೀನು ನಡೆಯೋ ಹಾಗಾಗಲಿ, ಓದು ಮುಗೀಲಿ... ಹೇಳೋ ಹೊತ್ತಿಗೆ ಅವಳೇ ಇರಲಿಲ್ಲ."

ಅವಳು ಅವನ ಊದಿದ ಮಂಡಿಗಳನ್ನು ನೋಡಿದಳು. ಊರು ನಕ್ಕ ಆ ನಡಿಗೆ ಏಕೆಂದು ಈಗ ತಿಳಿಯಿತು. ತಿಳಿದದ್ದರಿಂದ ಸಿಟ್ಟೇನೂ ಕಡಿಮೆಯಾಗಲಿಲ್ಲ.

"ನಿಮ್ಮಪ್ಪ ದೆವ್ವ ಆಗಲಿಲ್ಲ. ಬದುಕಿದ್ದಾಗಲೂ ಯಾರನ್ನೂ ಕಾಡಿದವನಲ್ಲ. ಮುಂದಿನ ಬೆಳೆಗೆ ಬೇಡಿಕೊಂಡು ನಾನೇ ನೀರುಗಂಟಿ ಆದೆ. ಮೊದಲ ದಿನ ಇಲ್ಲಿ ನಿಂತು 'ಬಿಡ್ಲಾ?' ಅಂದೆ. ಒಂದನೇ ಹೊಲದವನು ಬಾಯಿ ತೆರೆಯೋ ಮೊದಲೇ ಮೂರನೇ ಹೊಲದಿಂದ ಬಂತು... 'ಬಿಡು'. ಮೂರನೇ ಹೊಲದಲ್ಲಿ ಯಾರಿದ್ರು? ಅದು ನನ್ನ ಹೊಲ, ನಾನು ಏರಿ ಮೇಲಿದ್ದೆ. ದನಿ ಯಾರದ್ದು? ನಂದೇ. ಇಪ್ಪತ್ತೆಂಟು ವರ್ಷದವನ ದನಿ, ಆತುರದ್ದು. ಕೆಳಗೆ ಓಡಿ ಹೋಗಿ ನೋಡ್ತೀನಿ, ಮೋರಿ ಬಾಯಲ್ಲಿ ಇಬ್ಬರು ಹೆಂಗಸರು ಕೂತು ದನಕ್ಕೆ ಹಾಕೋ ಕಳೆ ತೊಳೀತಿದ್ದಾರೆ. ಅವತ್ತಿಗೆ ಕೂಗೋದು ನಿಲ್ಲಿಸಿದೆ, ನಡೆಯೋಕೆ ಶುರು ಮಾಡಿದೆ."

ಡ್ರೈವರ್ ಗಂಟಲು ಸರಿಮಾಡಿಕೊಂಡ. "ಪ್ರತಿಧ್ವನಿ ಇರಬೇಕು ಯಜಮಾನ್ರೇ."

"ಪ್ರತಿಧ್ವನಿ ಆಗಿದ್ರೆ ನಾನು ಕೇಳಿದ್ದನ್ನೇ ತಿರುಗಿ ಕೇಳಬೇಕಲ್ಲಪ್ಪ? ಇದು ಒಪ್ಪಿಗೆ ಕೊಡುತ್ತೆ."

ಅವಳು ಎದ್ದು ಮತ್ತೆ ಬಾಗಿಲಿಗೆ ಹೋದಳು.

"ನಾನು ನಡೀತೀನಿ," ಎಂದಳು. ದನಿ ಗಡುಸಾಗಿತ್ತು. "ನಿಮಗೋಸ್ಕರ ಅಲ್ಲ."

"ನನಗೋಸ್ಕರ ಬೇಡಮ್ಮ. ಆದ್ರೆ ನಡಿ." ಮುದುಕ ಗೋಡೆ ಹಿಡಿದು ಏಳಲು ನೋಡಿದ. ಕೈ ಕೊಡಲು ಅವಳು ಮುಂದೆ ಬರಲಿಲ್ಲ. ಅವನು ಮತ್ತೆ ಕೂತ. "ಇನ್ನೊಂದು ಮಾತು ಉಳಿದಿದೆ. ಇಷ್ಟು ವರ್ಷ, ಯಾರಾದ್ರೂ ಮರೆತು ಏರಿ ಮೇಲಿಂದ ಕೂಗಿದ್ರೆ ಮಾತ್ರ ಅದು ಉತ್ತರ ಕೊಡ್ತಿತ್ತು. ಈಗ ಒಂದು ತಿಂಗಳಿಂದ ಯಾರೂ ಬಾಯೇ ತೆರೆದಿರಲ್ಲ, ನಾನು ಬರೀ ತೂಬಿನ ಹತ್ರ ಬಂದು ನಿಲ್ತೀನಿ... ಆಗಲೇ 'ಬಿಡು' ಅಂತಿರುತ್ತೆ. ಒಂದು ಸಲ ಅಲ್ಲ, ಮೇಲಿಂದ ಮೇಲೆ. ನಿನ್ನೆ ನೀನು ನಿಮ್ಮ ಹೊಲದ ಮೋರಿಯೊಳಗೆ ಇಳಿದಿದ್ಯಲ್ಲ... ನಿನ್ನೆಯಷ್ಟು ಗಟ್ಟಿಯಾಗಿ ಅದು ಯಾವತ್ತೂ ಅಂದಿರಲಿಲ್ಲ."