ಅತ್ತೆಯ ಹಿಡಿತ

ಎಲೆಕ್ಟ್ರಿಕ್ ಬೈಕ್ ಚಾರ್ಜ್ ಮಾಡಿಸಲು ಸಾಲಿನಲ್ಲಿ ನಿಂತಿದ್ದ ಅಂಚೆಯವನ ಕಿವಿ ಮುಂದಿದ್ದ ಅತ್ತೆ-ಸೊಸೆಯರ ಮಾತಿನ ಮೇಲಿತ್ತು. ಚಾರ್ಜ್ ಆದ ಬೈಕಿನ ಹ್ಯಾಂಡಲ್‌ಗೆ ಸೊಸೆ ತಾನೇ ವಿನ್ಯಾಸ ಮಾಡಿದ ಗ್ರಿಪ್ ತೊಡಿಸಿದಳು.

"ಹಿಡಿದು ನೋಡಿ, ಅತ್ತೆ."

"ಇದೇನೇ, ಬದನೆಕಾಯಿ ಥರ ಉಬ್ಬಿದೆ?"

"ನಿಮ್ಮ ಬೆರಳು ಪೂರ್ತಿ ಮಡಚೋಕಾಗಲ್ವಲ್ಲ, ಅದಕ್ಕೇ."

"ನನ್ನ ಕೈ ಅಳತೆ ಯಾವಾಗ ತಗೊಂಡೆ?"

"ನೀವು ನಾದಿದ ಹಿಟ್ಟಿನ ಉಂಡೆ ಮೇಲೆ ಬೆರಳಿನ ಅಚ್ಚಿತ್ತು. ಎತ್ಕೊಂಡು ನಮ್ಮ ಬೈಕ್ ಡಿಸೈನ್ ಆಫೀಸಿಗೆ ಓಡಿದೆ."

"ಅಯ್ಯೋ ಕಳ್ಳಿ! ಉಂಡೆ ಕಮ್ಮಿಯಾಯ್ತು ಅಂತ ನಿನ್ನ ಗಂಡನಿಗೆ ಬೈದೆನಲ್ಲೇ!"

"ಬಿಡಿ, ಅವರಿಗೆ ಅಭ್ಯಾಸ. ಕೈ ನೋಯುತ್ತಾ?"

"ಇಲ್ವೇ! ಇನ್ನು ಗಾಡಿ ಓಡಿಸೋ ಯೋಗ ಇಲ್ಲ ಅಂದ್ಕೊಂಡಿದ್ದೆ."

"ಇವತ್ತು ಆಫೀಸಲ್ಲಿ ಇದನ್ನ ತೋರಿಸ್ಬೇಕು. ಒಪ್ತಾರೋ ಇಲ್ವೋ."

"ನಾನೇ ಓಡಿಸ್ಕೊಂಡು ಬರ್ತೀನಿ. ಹೇಗೆ ಒಪ್ಪಲ್ಲ ನೋಡೋಣ! ಹಿಂದೆ ಕೂತ್ಕೋ."

ಬೈಕ್ ಸದ್ದಿಲ್ಲದೆ ಹೊರಟಿತು. ಅತ್ತೆಯ ನಗು ಮಾತ್ರ ರಸ್ತೆಯ ತಿರುವಿನವರೆಗೂ ಅಂಚೆಯವನಿಗೆ ಕೇಳಿಸಿತು.