ಸ್ಕ್ಯಾನರ್ ಸರಿಮಾಡುವಾಗ ಮಾವನವರು ಹೊರಟುಹೋದ ಬಗ್ಗೆ

ಎಲ್ಲರೂ ಜೆರಾಕ್ಸ್ ಅಕ್ಕ ಎಂದು ಕರೆಯುವ ನಾನು, ವಯಸ್ಸು 41, ಉದ್ಯೋಗ ಜೆರಾಕ್ಸ್ ಅಂಗಡಿ, ವಾಸ ಅದೇ ಅಂಗಡಿಯ ಮೇಲಿನ ಮನೆ, ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ:

ನನ್ನ ಗಂಡನ ತಂದೆಯವರಿಗೆ 78 ವರ್ಷ. ಮರೆವಿನ ಕಾಯಿಲೆ ಇತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ಅವರನ್ನು ಅಂಗಡಿಯಲ್ಲೇ, ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಕೂರಿಸಿಕೊಳ್ಳುತ್ತಿದ್ದೆ.

ನಿನ್ನೆ ಬೆಳಿಗ್ಗೆ 11 ಗಂಟೆಗೆ ಒಬ್ಬ ಹೆಂಗಸು ಮಗಳ ಅಂಕಪಟ್ಟಿ ಸ್ಕ್ಯಾನ್ ಮಾಡಿಸಲು ಬಂದರು. 12ಕ್ಕೆ ಅರ್ಜಿಯ ಗಡುವು ಮುಗಿಯುವುದಾಗಿ ತಿಳಿಸಿದರು. ನಮ್ಮ ಕಂಪ್ಯೂಟರಿಗೆ ಹಿಂದಿನ ದಿನವಷ್ಟೇ ನನ್ನ ತಮ್ಮ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಿದ್ದ. ಪರದೆಯಲ್ಲಿ ಸ್ಕ್ಯಾನರಿನ ಹೆಸರು ಬರುತ್ತಿತ್ತು. ಒತ್ತಿದರೆ ಅನುಮತಿ ಇಲ್ಲವೆಂದು ತೋರಿಸುತ್ತಿತ್ತು. ವೈರು ಬದಲಿಸಿದರೂ ಹಾಗೇ ಇತ್ತು. ತಮ್ಮನಿಗೆ ಫೋನ್ ಮಾಡಿದೆ. ಅವನು ಹೇಳಿದಂತೆ ಎಲ್ಲ ಅನುಮತಿಯೂ ಇರುವ ಅಡ್ಮಿನ್ ಖಾತೆಯಿಂದ ನೋಡಿದಾಗ ಸ್ಕ್ಯಾನ್ ಆಯಿತು, ಆದರೆ ಆ ಫೈಲು ನನ್ನ ಖಾತೆಯಲ್ಲಿ ತೆರೆಯಲಿಲ್ಲ. ಯಂತ್ರ ಕೆಟ್ಟಿಲ್ಲ, ಸ್ಕ್ಯಾನರ್ ಬಳಸುವವರ ಗುಂಪಿಗೆ ನನ್ನನ್ನು ಸೇರಿಸುವುದು ಬಿಟ್ಟುಹೋಗಿದೆ ಎಂದ. ಸೇರಿಸಲು ಟೈಪ್ ಮಾಡಬೇಕಾದ್ದನ್ನು ಅವನು ಒಂದೊಂದೇ ಅಕ್ಷರ ಹೇಳುತ್ತಿದ್ದ. ನಾನು ಫೋನನ್ನು ಹೆಗಲಿಗೆ ಒತ್ತಿಕೊಂಡು ಟೈಪ್ ಮಾಡುತ್ತಿದ್ದೆ.

ಆಗ ಮಾವನವರು "ಅಮ್ಮಾ, ಮನೆಗೆ ಹೋಗ್ಲಾ?" ಎಂದರು. ದಿನಕ್ಕೆ ಹತ್ತಾರು ಸಲ ಕೇಳುವ ಮಾತು. ಪ್ರತಿ ಸಲ ತಿರುಗಿ, ಇದೇ ಮನೆ ಎಂದು ಹೇಳುತ್ತಿದ್ದೆ. ನಿನ್ನೆ ಪರದೆಯಿಂದ ಕಣ್ಣು ತೆಗೆಯದೆ "ಹೂಂ, ಹೋಗಿ ಮಾವ" ಎಂದೆ.

ಹೆಸರು ಸೇರಿಸಿದ ಮೇಲೂ ಸ್ಕ್ಯಾನ್ ಆಗಲಿಲ್ಲ. "ಒಂದ್ಸಲ ಲಾಗ್‌ಔಟ್ ಮಾಡಿ ಬಾ ಅಕ್ಕ" ಎಂದ ತಮ್ಮ. ಹಾಗೆ ಮಾಡಿದಾಗ ಆಯಿತು. ಆ ಹೆಂಗಸು ನನ್ನ ಕೈ ಹಿಡಿದು, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದರು. "ಆಯ್ತು ಮಾವ, ಗೆದ್ವಿ" ಎಂದು ಹಿಂದೆ ತಿರುಗಿದೆ. ಬೆಂಚು ಖಾಲಿ ಇತ್ತು. ಆಗ ಸಮಯ 11:40.

ಅಕ್ಕಪಕ್ಕದ ಬೀದಿ, ಬಸ್ ನಿಲ್ದಾಣ ಹುಡುಕಿದೆ. 1:15ಕ್ಕೆ ಠಾಣೆಯಿಂದ ಫೋನ್ ಬಂತು. ಅಂಗಡಿಯಿಂದ ಸುಮಾರು 600 ಮೀಟರ್ ದೂರದ ಸೇತುವೆಯ ತಿರುವಿನಲ್ಲಿ ಮಾವನವರು ಲಾರಿಗೆ ಅಡ್ಡ ಬಂದಿದ್ದರು. ಆಸ್ಪತ್ರೆಯಲ್ಲಿ ದೇಹ ಗುರುತಿಸಿದೆ. ಚಪ್ಪಲಿ ಅದಲುಬದಲಾಗಿತ್ತು, ಸರಿಯಾಗಿ ಹಾಕಿದೆ. ಲಾರಿ ಚಾಲಕ ಹೊರಗೆ ಗೋಡೆಗೊರಗಿ ಕುಳಿತಿದ್ದ. ಅವನ ಮೇಲೆ ನನ್ನ ದೂರು ಇಲ್ಲ.

ಮಾವನವರು ಕಣ್ತಪ್ಪಿಸಿ ಹೋದರೆಂದಷ್ಟೇ ನನ್ನ ಗಂಡನಿಗೆ ಹೇಳಿದ್ದೇನೆ. ಹೋಗಿ ಎಂದದ್ದು ನಾನೇ ಎಂದು ಹೇಳಿಲ್ಲ. ರಾತ್ರಿ ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ. ಅವರು ಈಗ ಹೊರಗೆ ಕಾಯುತ್ತಿದ್ದಾರೆ. ಈ ಹೇಳಿಕೆಯ ಒಂದು ಪ್ರತಿಯನ್ನು ತಾವೇ ಅವರ ಕೈಗೆ ಕೊಡಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ತಿದ್ದುವಂಥದ್ದೇನೂ ಇಲ್ಲ.

ಸ್ಥಳ: ಠಾಣೆ
ದಿನಾಂಕ: ಜೂನ್ 14
ಸಹಿ/-